ನಮ್ಮ ಕಾಕಾನ ಹದಿನೇಳನೇ ತಾರೀಖು

ನಮ್ಮ ಕಾಕಾ ಭಾರತಕ್ಕಿಂತ ಒಂದು ವರ್ಷ ಚಿಕ್ಕದಾದ ದೇಶವೊಂದರಲ್ಲಿ ವಾಸವಾಗಿದ್ದರು. ವಿಳಾಸ ಮಾತ್ರ ಬೆಂಗಳೂರಿನ ಮರ್ಫಿ ಟೌನ್! ನಗಬೇಡಿ. ಅಪ್ಪನ ತಮ್ಮ ಎಂದು ಪಕ್ಷ ವಹಿಸುತ್ತಿಲ್ಲ, ಇತಿಹಾಸವೂ ಅವರ ಕಡೆಗೇ ಇದೆ. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು ನಲವತ್ತೇಳರ ಆಗಸ್ಟ್ ಹದಿನೈದಕ್ಕೆ. ನಮ್ಮ ಗುಲ್ಬರ್ಗಾ ಕಡೆ ಆಗಿನ್ನೂ ನಿಜಾಮನ ಆಳ್ವಿಕೆ. ಅಲ್ಲಿಗೆ ಅದು ತಲುಪಿದ್ದು ಮರುವರ್ಷ ಸೆಪ್ಟೆಂಬರ್ ಹದಿನೇಳಕ್ಕೆ. ಉಳಿದವರು ಇದನ್ನು ಓದಿ, ಪರೀಕ್ಷೆ ಬರೆದು, ಮರೆತರು. ಕಾಕಾ ಓದಲೂ ಇಲ್ಲ, ಮರೆಯಲೂ ಇಲ್ಲ.

ಆಗಸ್ಟ್ ಹದಿನೈದಕ್ಕೆ ಬೀದಿಯ ಹುಡುಗರು ಬಾವುಟ ಹಾರಿಸಿ ಮನೆಮನೆಗೆ ಲಾಡು ಹಂಚುತ್ತಿದ್ದರು. ಕಾಕಾ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಸೀದಾ ಡಬ್ಬಿಗೆ ಹಾಕುವರು.

"ತಿನ್ನಿ ಅಣ್ಣಾ, ಫ್ರೆಶ್ ಆಗಿದೆ!"

"ನಮಗಿನ್ನೂ ಬಂದಿಲ್ಲಪಾ. ಬಂದ ಮ್ಯಾಲ ತಿಂತೀನಿ."

ಒಂದು ತಿಂಗಳಾದ ಮೇಲೆ ಡಬ್ಬಿ ತೆರೆದರೆ ಇರುವೆಗಳು ಆಗಲೇ ಅಲ್ಲಿ ತಮ್ಮ ರಾಜ್ಯ ಕಟ್ಟಿಕೊಂಡಿರುತ್ತಿದ್ದವು! ಕಾಕಾ ಅವನ್ನು ಕೊಡವಿ, ಗಟ್ಟಿ ಲಾಡುವನ್ನು ಕಲ್ಲಿನಿಂದ ಕುಟ್ಟಿ, ದೇಶಭಕ್ತಿಯಿಂದ ತಿನ್ನುವರು. ಆಮೇಲೆ ಹಲಸೂರಿನ ಕಡೆ ಹೋಗಿ ಎದುರು ಸಿಕ್ಕ ಸಿಪಾಯಿಗಳಿಗೆಲ್ಲ ಸೆಲ್ಯೂಟ್ ಹೊಡೆದು ಒಂದೊಂದು ಬಾಳೆಹಣ್ಣು ಕೊಡುವರು. ನಿಜಾಮನಿಂದ ನಮ್ಮನ್ನು ಬಿಡಿಸಿದ್ದು ಮಿಲಿಟರಿಯವರಲ್ಲವೇ? ಪಾಪ, ಆ ಸಿಪಾಯಿಗಳಿಗೇನು ಗೊತ್ತು! ಹಣ್ಣನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ ನಿಂತುಬಿಡುತ್ತಿದ್ದರು.

ದೇಶಕ್ಕೆ ಐವತ್ತು ತುಂಬಿದ ವರ್ಷ. ಕಾಕಾ ಬಣ್ಣದ ಮೇಸ್ತ್ರಿ. ಶಿವಾಜಿನಗರದ ಬಂಗಾರದಂಗಡಿಯವರೊಬ್ಬರ ಮನೆಗೆ ಒಳಗೂ ಹೊರಗೂ ಬಣ್ಣ ಹೊಡೆದು, ಕೂಲಿಯ ಬದಲು ಅವರಂಗಡಿಯಲ್ಲಿ ಆಗ ಮಾರುತ್ತಿದ್ದ ಸ್ವಾತಂತ್ರ್ಯೋತ್ಸವದ ಬಂಗಾರದ ನಾಣ್ಯ ಕೇಳಿದರು. ಅಂಗಿಯ ಗುಂಡಿಯಷ್ಟು ಅಗಲ. ಒಂದು ಕಡೆ ಬಾವುಟ, ಇನ್ನೊಂದು ಕಡೆ 1947–1997. ಕಾಕಾ ಕಣ್ಣಿಗೆ ಹತ್ತಿರ ಹಿಡಿದು ನೋಡಿ ವಾಪಸ್ ಕೊಟ್ಟರು.

"ಸಾಹುಕಾರ್ರ, ಇದರಾಗ ತಪ್ಪ ಅದ. ಎರಡೂ ಇಸವ್ಯಾಗ ಏಳ ತಗದು ಎಂಟ ಮಾಡ್ರಿ."

"ಏನ್ ಮೇಸ್ತ್ರಿ, ದೇಶದ ಡೇಟ್ ಚೇಂಜ್ ಮಾಡಕ್ಕಾಗುತ್ತಾ?"

"ದೇಶದ್ದು ಬ್ಯಾಡ್ರಿ. ನಮ್ಮ ಜಿಲ್ಲಾದ್ದಷ್ಟ ಮಾಡ್ರಿ, ಸಾಕು!"

ಅವರು ಕೈಮುಗಿದರು. ಇಸವಿಯ ತಂಟೆಗೆ ಹೋಗದೆ, ದಾರ ಪೋಣಿಸಲು ಮೇಲೊಂದು ಕೊಂಡಿ ಹಾಕಿಕೊಟ್ಟು ಕಳಿಸಿದರು.

ಕೊಂಡಿ ಹಾಕಿಸಿದ್ದು ನಮ್ಮ ಅಜ್ಜಿಗಾಗಿ. "ಸ್ವಾತಂತ್ರ್ಯ ಬರ್ಲಿ, ನಿನ್ನ ಕೊಳ್ಳಾಗ ಬಂಗಾರ ಹಾಕ್ತೀನಿ" ಎಂದು ನಮ್ಮಜ್ಜ ಆಕೆಗೆ ಮಾತು ಕೊಟ್ಟಿದ್ದರಂತೆ. ಆ ಎರಡು ತಾರೀಖುಗಳ ನಡುವಿನ ಗದ್ದಲದ ವರ್ಷದಲ್ಲಿ ಒಂದು ದಿನ ಹೊಲ ನೋಡಿ ಬರುತ್ತೇನೆಂದು ಹೋದವರು ಬರಲಿಲ್ಲ. ಆಗ ಕಾಕಾ ಕೈಗೂಸು. ಅಪ್ಪನ ಮುಖ ನೆನಪಿಲ್ಲ, ಅಪ್ಪನ ಮಾತೊಂದೇ ಆಸ್ತಿ. ಅದನ್ನು ತಪ್ಪು ತಾರೀಖಿನಲ್ಲಿ ನಡೆಸುವುದುಂಟೇ? ಮುಂದಿನ ವರ್ಷ ಸೆಪ್ಟೆಂಬರ್ ಹದಿನೇಳು, ನಮ್ಮ ಐವತ್ತು ತುಂಬುವ ದಿನ, ಬೆಳಿಗ್ಗೆ ಸ್ನಾನ ಮಾಡಿ ಹಾಕುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಅಜ್ಜಿಗೂ ಮುಟ್ಟಲು ಕೊಡಲಿಲ್ಲ!

"ಗಂಡ ಇಲ್ಲದಾಕೆಗೆ ಬಂಗಾರ ಯಾಕ್ರೀ?" ಎಂದು ಪಕ್ಕದ ಮನೆಯಾಕೆ ಒಮ್ಮೆ ಕೇಳಿಯೇಬಿಟ್ಟರು.

"ಸ್ವಾತಂತ್ರ್ಯ ಅಂದ್ರ ಮತ್ತೇನಂತ ತಿಳಿದೀರಿ?" ಎಂದರು ಕಾಕಾ. ಆಕೆ ಆಮೇಲೆ ನಮ್ಮ ಮನೆಗೆ ಸಕ್ಕರೆ ಕೇಳಲೂ ಬರಲಿಲ್ಲ.

ಸಂಜೆ ಕೆಲಸ ಮುಗಿಸಿ ಕಾಕಾ ಹಲಸೂರು ಕೆರೆಯ ದಡದಲ್ಲಿ ಕೂರುತ್ತಿದ್ದರು. ಎಷ್ಟೋ ಸಲ ಜೊತೆಗೆ ನಾನೂ ಹೋಗಿದ್ದೇನೆ. ಅಂಗೈಯಲ್ಲಿ ನಾಣ್ಯ, ಉಗುರಂಚಿನಲ್ಲಿ ಯಾರದೋ ಮನೆಯ ಹಸಿರು ಬಣ್ಣ. ನೀರಿನ ಮೇಲೆ ಬಿಸಿಲು ಮೆಲ್ಲಗೆ ಹಿಂದೆ ಸರಿಯುತ್ತಿತ್ತು. ದೂರದ ಮಿಲಿಟರಿ ಬಯಲಿನಿಂದ ಬ್ಯಾಂಡಿನ ಸದ್ದು ತೇಲಿ ಬರುತ್ತಿತ್ತು, ಗಾಳಿ ತಿರುಗಿದರೆ ನಿಲ್ಲುತ್ತಿತ್ತು.

"ಕೇಳಿದೇನು? ನಮ್ಮ ಹದಿನೇಳಕ್ಕ ಈಗಿಂದನ ರೂಢಿ ಮಾಡ್ಲಿಕತ್ಯಾರ."

ಆ ಬೆಳಕಿನಲ್ಲಿ ಕೂತರೆ ನನಗೂ ಹಾಗೇ ಅನ್ನಿಸುತ್ತಿತ್ತು. ಬ್ಯಾಂಡು ಮುಂದೆ, ಬಾಳೆಹಣ್ಣು ತಿನ್ನುತ್ತ ಸಿಪಾಯಿಗಳು ಹಿಂದೆ, ಕೊನೆಯಲ್ಲಿ ಒಬ್ಬ ಎಳೆಯ ಅಜ್ಜ ಹೊಲದಿಂದ ಮಣ್ಣುಗಾಲಲ್ಲೇ ನಡೆದು ಬರುತ್ತಿದ್ದಾನೆ.

ಮರುವರ್ಷ ಆಗಸ್ಟಿನ ಲಾಡು ಡಬ್ಬಿ ಸೇರಿ ಸ್ವಲ್ಪ ದಿನವಾಗಿತ್ತು. ಅಜ್ಜಿ ಜ್ವರ ಬಂದು ಮಲಗಿದಳು. ಗಂಜಿಯೂ ಒಳಗೆ ಹೋಗುತ್ತಿರಲಿಲ್ಲ. ಡಾಕ್ಟರು ಎದೆ ನೋಡಿ, "ವಯಸ್ಸಾಗಿದೆ, ಹೇಳಕ್ಕಾಗಲ್ಲ" ಎಂದರು. ಕಾಕಾ ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತರು. ದಿನಕ್ಕೊಂದು ಹಾಳೆ ಹರಿಯುವಂಥದು ಅದು. ಆಮೇಲೆ ಪರಪರ ಹರಿಯತೊಡಗಿದರು. ಆಗಸ್ಟ್ ಮುಗಿಯಿತು, ಸೆಪ್ಟೆಂಬರ್ ಅರ್ಧ ಮುಗಿಯಿತು, ಹದಿನೇಳಕ್ಕೆ ಕೈ ನಿಂತಿತು. ಜೀವಮಾನವಿಡೀ ತಾರೀಖಿಗಾಗಿ ಜಗಳವಾಡಿದ ಮನುಷ್ಯ!

"ಯವ್ವಾ, ಏಳು. ಇವತ್ತ ಹದಿನೇಳು."

ಅಜ್ಜಿ ಕಣ್ಣು ತೆರೆದು ನನ್ನನ್ನು ನೋಡಿದಳು. "ಹೌದೇನ?"

"ಹೌದಜ್ಜಿ," ಎಂದೆ. ಕಾಕಾ ಕೆಂಪು ದಾರದಲ್ಲಿ ನಾಣ್ಯ ಪೋಣಿಸಿ ಆಕೆಯ ಕೊರಳಿಗೆ ಕಟ್ಟಿದರು.

ಅಜ್ಜಿ ಏನು ಮಾಡಿದಳು ಹೇಳಿ? ಎರಡು ದಿನದಲ್ಲಿ ಎದ್ದು ಕೂತು ರೊಟ್ಟಿ ಕೇಳಿದಳು! ಹರಿದ ಹಾಳೆ ಮತ್ತೆ ಅಂಟಿಸಲಾಗದೆ ನಮ್ಮ ಮನೆಯಲ್ಲಿ ಅಲ್ಲಿಂದ ಮುಂದೆ ದಿನಾಲೂ ಹದಿನೇಳೇ. ಬಂದವರೆಲ್ಲ ಗೋಡೆ ನೋಡಿ ಗಾಬರಿಯಾಗುತ್ತಿದ್ದರು.

ಕೊನೆಗೊಂದು ಬೆಳಿಗ್ಗೆ ರೇಡಿಯೊ ವಾರ್ತೆಯವರು ತಾರೀಖು ಹೇಳಿದರು, ಸೆಪ್ಟೆಂಬರ್ ಹದಿನೇಳು. ಅಜ್ಜಿ ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಬಾಗಿಲಲ್ಲಿ ಕೂತಿದ್ದಳು. ಕೊರಳು ಬರಿದು. ನಾಣ್ಯ ಅಂಗೈಯಲ್ಲಿತ್ತು.

"ಯಾಕವ್ವ, ಯಾಕ ತಗದಿ?" ಕಾಕಾ ಹೌಹಾರಿದರು.

"ಅವತ್ತ ನಿನ್ನ ಸಮಾಧಾನಕ್ಕ ಕಟ್ಟಿಸ್ಕೊಂಡಿದ್ದೆ ತಮ್ಮಾ. ಖರೇ ಹದಿನೇಳು ಇವತ್ತದ. ಈಗ ಹಾಕು."

ಕಾಕಾ ಅಳುತ್ತ ಕಟ್ಟಿದರು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ. ಅಜ್ಜಿ ಮಾತ್ರ ಅಳಲಿಲ್ಲ. ಡಬ್ಬಿ ತರಿಸಿ, ಲಾಡುವಿನ ಇರುವೆ ಊದಿ, ಮುರಿದು, ಮಗನ ಬಾಯಿಗಿಟ್ಟಳು.

"ತಿನ್ನಪಾ. ನಮಗೂ ಬಂತು."