ತುಕ್ಕಿಗೆ ಕಾಚಂಪುಳಿ

ಕೊಡಗಿನ ಮಳೆಗೂ ಕಬ್ಬಿಣಕ್ಕೂ ಎಂದೂ ಆಗಿಬಂದಿಲ್ಲ. ಈ ಎರಡರ ಜಗಳದಲ್ಲಿ ಸಿಕ್ಕಿಬಿದ್ದ ನನಗೆ ಒಂದಲ್ಲ ಒಂದು ಪೇಚಾಟ ತಪ್ಪಿದ್ದೂ ಇಲ್ಲ. ಬ್ರಿಟಿಷರ ಕಾಲದಲ್ಲಿ ನಾನು ಮಾದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನ ರೈಟರ್ ಆಗಿದ್ದೆ. ಆಳುಗಳ ಹಾಜರಿ ಹಾಕುವುದು ನನ್ನ ಕೆಲಸ. ಒಂದು ವರ್ಷ ನಮ್ಮ ದೊರೆ ಹಳ್ಳದ ಮೇಲೆ ಕಬ್ಬಿಣದ ಸೇತುವೆ ಹಾಕಿಸಿದರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ಸತು ಹಚ್ಚಿದ ತಗಡು ಹೊದಿಸಿದರು. ಆಮೇಲೆ ನನ್ನನ್ನು ಕರೆದರು.

"ರೈಟರ್, ಮಳೆಗಾಲ ಮುಗಿದ ಮೇಲೆ ಕಂಪನಿಯ ದೊಡ್ಡ ದೊರೆ ಬರ್ತಾರೆ. ಆವತ್ತು ತುಕ್ಕು ಕಂಡರೆ ನಿನಗೆ ಇಲ್ಲಿ ಕೆಲಸ ಇಲ್ಲ."

ನನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಈ ಮಾತನ್ನು ಹೆಂಡತಿಗೆ ಹೇಳುವ ಧೈರ್ಯವೂ ಬರಲಿಲ್ಲ.

ದೇವರಾದ ಸೇತುವೆ

ತುಕ್ಕು ತಡೆಯಲು ಸೇತುವೆಗೆ ಮೊದಲು ಕೆಂಪು ಬಣ್ಣ, ಅದು ಒಣಗಿದ ಮೇಲೆ ಹಸಿರು. ಇದು ದೊರೆಯ ಅಪ್ಪಣೆ. ಕೆಂಪು ಬಳಿಸಿ ಮಾರನೆಯ ಬೆಳಿಗ್ಗೆ ಹೋಗಿ ನೋಡುತ್ತೇನೆ, ಸೇತುವೆಗೆ ಹೂವಿನ ಮಾಲೆ! ಬುಡದಲ್ಲಿ ಒಡೆದ ತೆಂಗಿನಕಾಯಿ. ಆಳುಗಳೆಲ್ಲ ಸೇತುವೆ ಬಿಟ್ಟು, ಬಟ್ಟೆ ಎತ್ತಿಕೊಂಡು ನೀರಿನಲ್ಲಿ ದಾಟುತ್ತಿದ್ದಾರೆ. ಹೊಸ ಕತ್ತಿ, ಹೊಸ ಗುದ್ದಲಿ ಬಂದರೂ ಕುಂಕುಮ ಇಟ್ಟು ಕಾಯಿ ಒಡೆಯದೆ ಮುಟ್ಟದ ಜನ ಅವರು.

"ಏನಯ್ಯಾ ಇದು?" ಎಂದು ಆಳುಗಳ ಮೇಸ್ತ್ರಿಯನ್ನು ಕೇಳಿದೆ.

"ದೊರೆಗಳೇ ಇಷ್ಟೊಂದು ಕುಂಕುಮ ಹಚ್ಚಿಸಿದಾರೆ. ಅದನ್ನ ತುಳಿಯೋದಾ ಸ್ವಾಮಿ?"

"ಕುಂಕುಮ ಅಲ್ಲ ಕಣಯ್ಯಾ, ಬಣ್ಣ. ಇದರ ಮೇಲೆ ಹಸಿರು ಬಳೀಬೇಕು."

"ಅಯ್ಯೋ, ಹಚ್ಚಿದ ಕುಂಕುಮ ಮುಚ್ಚೋದು ನಮ್ಮ ಕೈಲಾಗಲ್ಲ."

ಅಷ್ಟರಲ್ಲಿ ಕುದುರೆ ಏರಿ ದೊರೆ ಬಂದರು. ಖಾಲಿ ಸೇತುವೆಯನ್ನೂ ನೀರಿನಲ್ಲಿದ್ದ ಜನರನ್ನೂ ನೋಡಿ, "ಸೇತುವೆ ಗಟ್ಟಿ ಇಲ್ವಾ?" ಎಂದರು.

"ಗಟ್ಟಿ ಇದೆ ಸಾರ್. ಆದರೆ ದೇವರಾಗಿಬಿಟ್ಟಿದೆ," ಎಂದೆ.

ದೊರೆ ಸೇತುವೆಯ ಹೂಮಾಲೆ ನೋಡಿದರು. ಆಮೇಲೆ ಕುದುರೆಯನ್ನು ನೀರಿಗೇ ಇಳಿಸಿದರು.

ಕೋವಿಯ ಮದ್ದು

ಹಸಿರು ಬಣ್ಣದ ಡಬ್ಬಿಗೂ ಒಂದು ಕಾಯಿ ಒಡೆಸಿ ಕೆಲಸವನ್ನೇನೋ ಮುಗಿಸಿದೆ. ಮಳೆ ಹಿಡಿಯಿತು ನೋಡಿ, ಸೇತುವೆಯ ಬೋಲ್ಟುಗಳು ಒಂದೊಂದಾಗಿ ಕೆಂಪಾಗತೊಡಗಿದವು. ನನಗೆ ಊಟ ಸೇರದಾಯಿತು. ಪಕ್ಕದ ತೋಟದ ಕೊಡವ ಅಜ್ಜನ ಹತ್ತಿರ ಗೋಳು ತೋಡಿಕೊಂಡೆ.

"ಬಣ್ಣದಲ್ಲಿ ಎಂತ ಉಂಟು ಮಾರಾಯ?" ಎಂದ ಅಜ್ಜ. "ಹಂದಿ ಕೊಬ್ಬು ತಿಕ್ಕು. ನನ್ನ ಅಜ್ಜನ ಕೋವಿ ನೋಡು, ಇವತ್ತಿಗೂ ಒಂದು ಚೂರು ತುಕ್ಕಿಲ್ಲ."

ಬೋಲ್ಟಿಗೆ, ಸರಪಳಿಗೆ, ಕೈಹಿಡಿಗೆ, ಎಲ್ಲಕ್ಕೂ ತಿಕ್ಕಿಸಿದೆ. ಅಜ್ಜ ತನ್ನ ಕೋವಿಯನ್ನು ಮನೆಯೊಳಗೆ ಗೋಡೆಗೆ ತೂಗುಹಾಕುತ್ತಾನೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಬೆಳಗಾಗುವಷ್ಟರಲ್ಲಿ ಆಳುಗಳ ಮನೆಸಾಲಿನ, ಅಂದರೆ ಲೈನಿನ ನಾಯಿಗಳೆಲ್ಲ ಸೇತುವೆ ಮೇಲೆ ಸಾಲಾಗಿ ನಿಂತು ನೆಕ್ಕುತ್ತಿದ್ದವು. ಓಡಿಸಲು ಹೋದ ನನ್ನ ಮೇಲೇ ಗುರುಗುಟ್ಟಿದವು. ಎಲ್ಲಕ್ಕಿಂತ ಜೋರಾಗಿ ಗುರುಗುಟ್ಟಿದ್ದು ದೊರೆಯ ಬೇಟೆ ನಾಯಿ. ಆ ವಾರವೆಲ್ಲ ಅದು ಬೇಟೆಗೇ ಹೋಗಲಿಲ್ಲ.

ಬೆಳ್ಳಿ ಛಾವಣಿ

ನಾಯಿಗಳನ್ನು ಅಟ್ಟಿ, ಬೋಲ್ಟು ಉಜ್ಜಿ, ಮತ್ತೆ ಬಣ್ಣ ಹಚ್ಚಿಸುವ ಹೊತ್ತಿಗೆ ಪಲ್ಪರ್ ಮನೆಯ ತಗಡು ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿತ್ತು. ದೊರೆ ಕೆಲಸದ ಮೇಲೆ ತಿಂಗಳ ಮಟ್ಟಿಗೆ ಮಡಿಕೇರಿಗೆ ಹೋಗಿದ್ದರು. ನಾನು ಮತ್ತೆ ಅಜ್ಜನ ಬಳಿಗೆ ಓಡಿದೆ. ಬುದ್ಧಿ ಬಂದಿರಲಿಲ್ಲ ಎಂದೇ ಹೇಳಬೇಕು.

ಅಜ್ಜ ಒಳಗಿನಿಂದ ದೊಡ್ಡ ಭರಣಿ ತಂದಿಟ್ಟ. ಹಂದಿ ಸಾರಿಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿ. "ನಮ್ಮ ಹಿತ್ತಾಳೆ ಪಾತ್ರೆ ಇದರಲ್ಲೇ ಬೆಳಗುದು. ಬೂದಿ ಹಾಕಿ ಉಜ್ಜಿಸು."

ಲೈನಿನ ಹೆಂಗಸರು ಏಣಿ ಹತ್ತಿದರು. ಸಂಜೆಗೆ ಛಾವಣಿ ಬೆಳ್ಳಿಯಾಯಿತು! ನನಗಾದ ಖುಷಿ ಅಷ್ಟಿಷ್ಟಲ್ಲ. ವಾರ ವಾರವೂ ಉಜ್ಜಿಸಿದೆ. ದೊರೆ ವಾಪಸು ಬಂದವರೇ ಛಾವಣಿ ನೋಡಿ ಟೋಪಿ ತೆಗೆದು ತಲೆ ಹಿಡಿದುಕೊಂಡರು.

"ರೈಟರ್! ಆ ಬೂದಿ ಬಣ್ಣವೇ ತಗಡಿನ ಕಂಬಳಿ. ನೀನು ಕಂಬಳಿ ಕಿತ್ತು ಮಳೆಯಲ್ಲಿ ನಿಲ್ಲಿಸಿದ್ದೀಯ!"

"ಹೊಳೆಯೋದು ಚೆನ್ನಾಗಿರೋದಲ್ವಾ ಸಾರ್?" ಎಂದೆ. ಇವತ್ತಿಗೂ ನನಗದು ಪೂರ್ತಿ ಅರ್ಥವಾಗಿಲ್ಲ.

ದೊಡ್ಡ ದೊರೆ

ಘಾಟಿಯಲ್ಲಿ ಮಣ್ಣು ಕುಸಿದು ದೊಡ್ಡ ದೊರೆ ಬರುವುದು ತಡವಾಯಿತು. ಅಷ್ಟರಲ್ಲಿ ಛಾವಣಿ ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ತುಕ್ಕು ಹಿಡಿದು ಕೆಂಪಾಯಿತು. ಅವರು ಬರುವ ದಿನ ಬೆಳಿಗ್ಗೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಟ್ರಂಕಿಗೆ ಬಟ್ಟೆ ತುಂಬತೊಡಗಿದಳು. ನನಗೆ ಅಳು ಬಂತು.

ದೊಡ್ಡ ದೊರೆ ಸೇತುವೆಯ ಮೇಲೆ ನಿಂತು, ಹಿಂಗಾರಿನ ಜಡಿಮಳೆಯಲ್ಲೇ ಹಳ್ಳದಾಚೆಯ ಪಲ್ಪರ್ ಮನೆಯ ಛಾವಣಿಯನ್ನು ಕಣ್ಣು ಕಿರಿದು ಮಾಡಿ ನೋಡಿದರು. ನಮ್ಮ ದೊರೆ ನನ್ನ ಮುಖ ನೋಡಿದರು. ನಾನು ನನ್ನ ಕಾಲು ನೋಡಿಕೊಂಡೆ.

"ಭೇಷ್!" ಎಂದರು ದೊಡ್ಡ ದೊರೆ. "ತಗಡಿಗೆ ಕೆಂಪು ಬಣ್ಣ ಬಳಿಸಿ ಅಂತ ಎಲ್ಲ ಎಸ್ಟೇಟಿಗೂ ಹೇಳಿ ಸಾಕಾಯ್ತು. ಮಾಡಿಸಿದವರು ನೀವೊಬ್ಬರೇ. ಯಾರ ಕೆಲಸ ಇದು?"

ನಮ್ಮ ದೊರೆ ನನ್ನತ್ತ ಬೆರಳು ತೋರಿಸಿದರು.

"ಯಾವ ಬಣ್ಣ?"

ಗಾಬರಿಯಲ್ಲಿ ಸತ್ಯವೇ ಬಾಯಿಗೆ ಬಂತು. "ಕಾಚಂಪುಳಿ, ಸಾರ್."

"ಕೇಳಿಲ್ಲವಲ್ಲ! ಊರಿನದೇ? ಎಲ್ಲ ಎಸ್ಟೇಟಿಗೂ ಇದನ್ನೇ ತರಿಸೋಣ. ಎಷ್ಟು ಸಲ ಬಳಿಯಬೇಕು?"

"ನಾವು ಹುಳಿ ಹಚ್ಚಿ ಉಜ್ಜಿಕೊಟ್ಟರೆ ಸಾಕು ಸಾರ್," ಎಂದೆ. "ಬಣ್ಣ ಮಳೆಯೇ ಬಳಿಯುತ್ತದೆ."