ಫ್ರೀಝಿಂಗ್ ಅನ್ನಿಸಿಯೇ ಬಿಡ್ತೇನೆ

ನಮ್ಮ ಊರಿನಲ್ಲಿ ಏಸಿ ಇರುವುದು ಮನೆಯವರಿಗಲ್ಲ, ನೆಂಟರಿಗೆ. ಕುಲಶೇಖರದ ನಮ್ಮ ಹಾಲ್‌ನಲ್ಲೂ ಒಂದು ಗೋಡೆಗೆ ಅಂಟಿಕೊಂಡಿದೆ. ಏಪ್ರಿಲ್ ಸೆಕೆಯಲ್ಲಿ ನಾನು ಅದರ ಬುಡದಲ್ಲೇ ಕೂತು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತೇನೆ. ರಿಮೋಟ್ ನನ್ನ ಹೆಂಡತಿ ಮಟಿಲ್ಡಾಳ ಕಪಾಟಿನಲ್ಲಿ, ಅವಳ ಬಂಗಾರದ ಪಕ್ಕ. (ಬಂಗಾರವಾದರೂ ಮದುವೆಗಳಿಗೆ ಹೊರಗೆ ಬರುತ್ತದೆ.)

ಆ ರಿಮೋಟ್ ಹೊರಬೀಳುವ ಮಹಾಸುದಿನ ಕೊನೆಗೂ ಒದಗಿತು. ಕೆನಡಾದಲ್ಲಿರುವ ಜೋನ್ ಬಾಯಿ, ಮಗ ಇರ್ವಿನ್‌ನನ್ನು ಕರೆದುಕೊಂಡು ನಮ್ಮ ಮಗಳು ಆನ್ಸಿಯನ್ನು ನೋಡಲು ಬರುವವರಿದ್ದರು. ಹುಡುಗ ಹುಡುಗಿಗೆ ಫೋನಿನಲ್ಲೇ ಎಲ್ಲ ಸರಿಬಂದಿತ್ತು; ತಾಯಿಯ ಒಪ್ಪಿಗೆಯೊಂದು ಬಾಕಿ.

"ಪಪ್ಪಾ, ಆ ದಿನ ನಿಮ್ಮ ಸಿಟ್ಟು ಸ್ವಲ್ಪ ಹಿಡ್ಕೊಳ್ಳಿ," ಎಂದು ಮಗಳು ಕೈಮುಗಿದಳು. ಕೂಳೂರಿನ ನನ್ನ ಅಂಗಡಿಯಲ್ಲಿ ಟಯರಿಗಿಂತ ಮೊದಲು ನಾನೇ ಸಿಡಿಯುತ್ತೇನೆ ಎಂದು ಪ್ರತೀತಿ.

ನನ್ನ ಚಿಂತೆ ಬೇರೆ. ನಾನು ಓದಿದ್ದು ಆರನೇ ಕ್ಲಾಸು. ಚಳಿದೇಶದವರು ಬಾಯಿ ತೆರೆದರೆ ಮೊದಲು ಹವೆಯ ಸುದ್ದಿಯಂತೆ. ಹಾಗಾಗಿ ಮಗಳ ಹತ್ತಿರವೇ ಟ್ಯೂಷನ್ನಿಗೆ ಕೂತೆ.

"ಕೂಲ್ ಅಂದ್ರೆ ಹಿತವಾದ ತಂಪು, ಪಪ್ಪಾ. ಚಿಲ್ಲಿ ಅಂದ್ರೆ ಕೈ ಉಜ್ಜಿಕೊಳ್ಳುವಷ್ಟು. ಕೋಲ್ಡ್ ಅಂದ್ರೆ ಸ್ವೆಟರ್ ಬೇಕು. ಫ್ರೀಝಿಂಗ್ ಅಂದ್ರೆ ಮನುಷ್ಯ ಮೀನಿನ ಹಾಗೆ ಐಸಲ್ಲಿ ಮಲಗಿದ ಲೆಕ್ಕ."

"ಒಂದು ಚಳಿಗೆ ಇಷ್ಟೆಲ್ಲ ಎಂತಕ್ಕೆ ಮಾರಾಯ್ತಿ?"

"ಅವರ ಹತ್ರ ಅದೇ ಅಲ್ವಾ ಬೇಕಾದಷ್ಟು ಉಂಟು! ಇದ್ದದ್ದಕ್ಕೆ ಹೆಸರು ಇಡ್ತಾರೆ."

ನನಗೆ ಪಕ್ಕಾ ಅರ್ಥವಾಯಿತು. ಕೂಲ್ ಎಂದರೆ ಜಸ್ಟ್ ಪಾಸು, ಚಿಲ್ಲಿ ಸೆಕೆಂಡ್ ಕ್ಲಾಸು, ಕೋಲ್ಡ್ ಫಸ್ಟ್ ಕ್ಲಾಸು, ಫ್ರೀಝಿಂಗ್ ಡಿಸ್ಟಿಂಕ್ಷನ್.

ಅವರು ಬಂದರು. ನಾನು ಏಸಿಗೆ ವಿಧ್ಯುಕ್ತವಾಗಿ ಚಾಲನೆ ನೀಡಿದೆ. ಜೋನ್ ಬಾಯಿ ಸೋಫಾದಲ್ಲಿ ಕೂತು ಬೆವರು ಒರೆಸಿಕೊಂಡು, "ಆಹಾ, ನೈಸ್ ಎಂಡ್ ಕೂಲ್," ಎಂದರು.

ಜಸ್ಟ್ ಪಾಸು! ಶಾಲೆಯಲ್ಲೂ ನನಗೆ ಹೀಗೆ ಅವಮಾನ ಆಗಿರಲಿಲ್ಲ. (ಅಲ್ಲಿ ನೇರವಾಗಿ ಫೇಲು ಮಾಡಿದ್ದರು.) ಬಟನ್ ಒತ್ತಿದೆ.

ಸ್ವಲ್ಪ ಹೊತ್ತಿಗೆ ಅವರು ಶಾಲು ಎಳೆದುಕೊಂಡು, "ಎ ಬಿಟ್ ಚಿಲ್ಲಿ, ಅಲ್ವಾ?" ಎಂದರು. ಸೆಕೆಂಡ್ ಕ್ಲಾಸು, ಅದೂ 'ಎ ಬಿಟ್'! ಮತ್ತೆ ಒತ್ತಿದೆ.

ಮಟಿಲ್ಡಾ ನನ್ನನ್ನು ಅಡುಗೆಮನೆಗೆ ಎಳೆದಳು. "ಅವರಿಗೆ ಚಳಿ ಆಗ್ತಾ ಉಂಟು ಮಾರಾಯ್ರೇ, ಕಮ್ಮಿ ಮಾಡಿ!"

"ಕೆನಡಾದವರಿಗೆ ಚಳಿಯಾ? ಮಾರ್ಕು ಕೊಡುದರಲ್ಲಿ ಕಂಜೂಸು ಅಷ್ಟೇ. ಫ್ರೀಝಿಂಗ್ ಅನ್ನಿಸಿಯೇ ಬಿಡ್ತೇನೆ."

"ಸಂಬಂಧ ತಪ್ಪಿದ್ರೆ ನಿಮ್ಮನ್ನು ಬಂಗುಡೆಯೊಟ್ಟಿಗೆ ಫ್ರೀಝರಲ್ಲಿ ಇಡ್ತೇನೆ, ನೋಡಿ!"

ನಾನು ಹಾಲ್‌ಗೆ ಮರಳುವಾಗ ಜೋನ್ ಬಾಯಿ, "ಗೆಟಿಂಗ್ ನಿಪ್ಪಿ," ಎಂದರು. ನಿಪ್ಪಿ! ಸಿಲೆಬಸ್ಸಿನಲ್ಲೇ ಇಲ್ಲದ ಪ್ರಶ್ನೆ. ಕೇಳಿದರೆ ಮಾನ ಹೋಗುತ್ತದೆ. ಶಬ್ದ ಸಣ್ಣದು, ಮಾರ್ಕೂ ಸಣ್ಣದೇ ಇರಬೇಕೆಂದು ತೀರ್ಮಾನಿಸಿ, ಡಿಗ್ರಿ ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಬಟನ್ ಒತ್ತಿದೆ.

"ನೀರು ಕುಡಿದು ಬರ್ತೇನೆ ಅಂಕಲ್," ಎಂದು ಇರ್ವಿನ್ ಅಡುಗೆಮನೆಗೆ ಹೋದ. ಬರಲಿಲ್ಲ. ಅವನನ್ನು ಕರೆಯಲು ಆನ್ಸಿ ಹೋದಳು. ಅವಳೂ ಬರಲಿಲ್ಲ. ಅರ್ಧ ತೋಳಿನ ಅಂಗಿಯಲ್ಲಿ ನನ್ನ ಹಲ್ಲುಗಳು ಟೈಪ್ ಹೊಡೆಯಲು ಶುರು ಮಾಡಿದ್ದವು.

"ಹ್ಯೂಬರ್ಟಾಬ್, ನಿಮಗೆ ಎಂತದೂ ಆಗುದಿಲ್ವಾ?" ಎಂದು ಜೋನ್ ಬಾಯಿ ನನ್ನ ಹೆಸರಿಗೆ ಮರ್ಯಾದೆಯ 'ಆಬ್' ಸೇರಿಸಿ ಕೇಳಿದರು.

"ನ-ನನಗಾ? ಇದೆಲ್ಲ ದಿನಾ ಇರುದೇ ಬಾಯಿ. ಚ-ಚಳಿ ಇಲ್ಲದಿದ್ರೆ ನನಗೆ ನಿದ್ದೆಯೇ ಬರುದಿಲ್ಲ." (ಅಡುಗೆಮನೆಯಲ್ಲಿ ಮಟಿಲ್ಡಾಳ ಕೈಯಿಂದ ಸೌಟು ಬಿದ್ದ ಸದ್ದು.)

ಜೋನ್ ಬಾಯಿ ನನ್ನನ್ನು ಸಂತರ ಪ್ರತಿಮೆಯನ್ನು ನೋಡುವಂತೆ ನೋಡಿ, ತಾವೂ ಎದ್ದು ಅಡುಗೆಮನೆಗೆ ನಡೆದರು. ಅಲ್ಲಿ ನೀರುದೋಸೆ ಚುಂಯ್ ಎನ್ನುತ್ತಿತ್ತು. ಒಲೆಯ ಸುತ್ತ ನಗು, ಗುಸುಗುಸು, ಮತ್ತೆ ನಗು. ನಾನೂ ಹೋಗಬಹುದಿತ್ತು. ಆದರೆ ಸೋತು ಎದ್ದು ಹೋದ ಎಂದಾಗಬಾರದಲ್ಲ! ಸೋಫಾದ ಕುಶನ್ನನ್ನು ಎದೆಗೆ ಅವಚಿಕೊಂಡು ವೀರನಂತೆ ಕುಳಿತೆ.

ಕೊನೆಗೆ ಎಲ್ಲರೂ ಬಾಗಿಲಿಗೆ ಬಂದರು. ಹಾಲ್‌ಗೆ ಒಂದು ಕಾಲಿಟ್ಟ ಜೋನ್ ಬಾಯಿ ಅದನ್ನು ಹಿಂದಕ್ಕೆಳೆದುಕೊಂಡು, "ಮೈ ಗಾಡ್, ಫ್ರೀಝಿಂಗ್!" ಎಂದು ಕಿರುಚಿದರು.

ಡಿಸ್ಟಿಂಕ್ಷನ್! ನನ್ನ ಎದೆ ಉಬ್ಬಿತು. (ಎಷ್ಟು ಸಾಧ್ಯವೋ ಅಷ್ಟು.)

"ಹ್ಯೂಬರ್ಟಾಬ್, ನಮಗೆ ಆನ್ಸಿ ಒಪ್ಪಿಗೆ," ಎಂದರು ಅವರು. "ಇರ್ವಿನ್‌ಗೆ ಇಲ್ಲಿಗೆ ಬರ್ಲಿಕ್ಕೆ ಪುನಃ ರಜೆ ಸಿಗುದಿಲ್ಲ. ಮದುವೆ ನಮ್ಮಲ್ಲೇ, ಜನವರಿಯಲ್ಲಿ. ಆಗ ಮೈನಸ್ ಮೂವತ್ತು. ಹುಡುಗಿಯ ಅಪ್ಪ ಆ ಚಳಿಗೆ ಬರುದಿಲ್ಲ ಅಂತ ಹೇಳಿದ್ರೆ ಎಂತ ಮಾಡುದು ಅಂತ ನನಗೆ ಅದೊಂದೇ ಹೆದರಿಕೆ ಇದ್ದದ್ದು. ನಿಮ್ಮನ್ನು ನೋಡಿ ಸಮಾಧಾನ ಆಯ್ತು. ಮದುವೆ ಆದ ಮೇಲೂ ಚಳಿಗಾಲ ಮುಗಿಯುವವರೆಗೆ ನಮ್ಮೊಟ್ಟಿಗೇ ಇರ್ಬೇಕು!"

ನಾನು ಬಾಯಿ ತೆರೆದೆ. ಹಲ್ಲುಗಳ ಗಲಾಟೆಯಲ್ಲಿ 'ಇಲ್ಲ' ಎಂಬ ಎರಡಕ್ಷರ ಹೊರಗೆ ಬರಲೇ ಇಲ್ಲ.

"ಖುಷಿಯಲ್ಲಿ ಮಾತೇ ಬರುದಿಲ್ಲ ಅವರಿಗೆ," ಎಂದಳು ಮಟಿಲ್ಡಾ, ಬಿಸಿ ದೋಸೆ ಮುರಿಯುತ್ತ. "ಬೆಳಿಗ್ಗೆ ಬೆಳಿಗ್ಗೆ ಮನೆಯೆದುರು ಬಿದ್ದ ಹಿಮ ಬಾಚ್ಲಿಕ್ಕೆ ಅಲ್ಲಿ ಜನ ಸಿಗುದಿಲ್ಲ ಅಂತೆ. ನಾನು ನಿಮ್ಮ ಹೆಸರು ಹೇಳಿದ್ದೇನೆ."

ಇರ್ವಿನ್, ಪಾಪ, ಒಳ್ಳೆಯ ಹುಡುಗ. ಹತ್ತಿರ ಬಂದು ವಿನಯದಿಂದ ಕೇಳಿದ: "ಅಂಕಲ್, ನಿಮಗೆ ಸಣ್ಣ ಸಲಿಕೆ ಸಾಕಾ, ದೊಡ್ಡದೇ ಬೇಕಾ?"