ವನದೇವಿ ಪ್ರಿನೋಳ ಪೋಷಕ

ಹೆಣ್ಣಾದವಳು ಜನಸಭೆಯಲ್ಲಿ ಬಾಯಿ ತೆರೆಯತಕ್ಕದ್ದಲ್ಲ. ಹೇಳುವುದೇನಿದ್ದರೂ ತನ್ನ ಪೋಷಕನಾದ ಗಂಡಸಿನ ಮೂಲಕವೇ ಹೇಳಿಸತಕ್ಕದ್ದು. ಇದು ನಮ್ಮ ಪೆಟ್ರಿನಾ ಪಟ್ಟಣದ ಕಾನೂನು. ಮಾಡಿದವರು ನಾವೇ ಆದ್ದರಿಂದ ಅದರಲ್ಲಿ ತಪ್ಪಿರಲು ಸಾಧ್ಯವಿಲ್ಲ.

ಬೆಟ್ಟದ ಇಳಿಜಾರಿನ ಓಕ್ ಮರದಲ್ಲಿ ವಾಸವಿದ್ದ ವನದೇವಿ ಪ್ರಿನೋಗೆ ಅಪ್ಪ, ಅಣ್ಣ, ಗಂಡ ಯಾರೂ ಇರಲಿಲ್ಲ. ಮರ ಉರುಳಿದರೆ ಆಕೆಯೂ ಸಾಯುತ್ತಾಳೆಂಬುದು ಊರಿನ ಕೂಸಿಗೂ ಗೊತ್ತಿತ್ತು. ಈ ನಡುವೆ ಕಲ್ಲಿನ ಮೆಟ್ಟಿಲ ಮೇಲೆ ಕೂತು ಕೂತು ಸಭೆಯ ಹಿರಿಯರ ಸೊಂಟ ಹಿಡಿದುಕೊಂಡು, ಆ ಓಕ್ ಮರದ ಬೆಂಚೊಂದು ಅತ್ಯವಶ್ಯವೆಂದು ತೀರ್ಮಾನವಾಯಿತು. ನಾವೋ ದೈವಭಕ್ತರು, ದೇವಿಯ ಅಹವಾಲು ಕೇಳದೆ ಕೊಡಲಿ ಎತ್ತುವವರಲ್ಲ. ವಾಡಿಕೆಯಂತೆ ಗಡಿಗೆಯಿಂದ ಕಪ್ಪು-ಬಿಳಿ ಅವರೆಕಾಳು ಎತ್ತಿಸಿ, ಬಿಳಿ ಬಂದವನನ್ನು ಆಕೆಯ ಪೋಷಕನಾಗಿ ನೇಮಿಸಿದೆವು. ಬಿಳಿ ಕಾಳು ಬಂದದ್ದು ಉಪ್ಪುಮೀನು ಮಾರುವ ನಿಕೋಡ್ರೋಮನ ಕೈಗೆ.

ನಿಕೋಡ್ರೋಮನಿಗೆ ತನ್ನ ಬಗ್ಗೆ ಯಾವ ಭ್ರಮೆಯೂ ಇರಲಿಲ್ಲ. ಯುದ್ಧದಲ್ಲಿ ಗುರಾಣಿ ಬಿಸಾಕಿ ಓಡಿದವರಲ್ಲಿ ತಾನೇ ಎಲ್ಲರಿಗಿಂತ ಮುಂದಿದ್ದೆ ಎಂದು ಹೇಳಿಕೊಂಡು ತಾನೇ ನಗುತ್ತಿದ್ದ. ಆದರೂ ಮರದ ಬುಡಕ್ಕೆ ಹೋದ.

"ತಾಯಿ, ಸಭೇಲಿ ಏನಂತ ಹೇಳ್ಲಿ?"

"ಕಡೀಬೇಡಿ ಅನ್ನು. ಅಷ್ಟೇ. ಬಾಯಿಗೆ ಬರುತ್ತೇನೋ?"

"ಮೀನು ಕೂಗೋ ಬಾಯಿ ತಾಯಿ ಇದು, ಬರದೇ ಏನು!"

"ನಿಮ್ಮಜ್ಜನೂ ಹೀಗೇ ಜಂಬ ಕೊಚ್ಚೋನು. ಶತ್ರುಗಳು ಬಂದಾಗ ಇದೇ ಕೊಂಬೆ ಮೇಲೆ ನಡುಗ್ತಾ ಕೂತಿದ್ದ. ಎಲೆ ಮುಚ್ಚಿ ಉಳಿಸ್ದೋಳು ನಾನು."

ನಿಕೋಡ್ರೋಮನ ಕಣ್ಣು ತುಂಬಿತು. ಮರ ಮುಟ್ಟಿ ಆಣೆ ಮಾಡಿದ.

ಸಭೆಯ ದಿನ ಪ್ರಿನೋ ತಾನೇ ಬಂದು ನಟ್ಟನಡುವೆ ನಿಂತಳು. "ಕಡೀಬೇಡ್ರೋ, ಸತ್ತೋಗ್ತೀನಿ!" ಎಂದು ಕಿರುಚಿದಳು. ಬೆಟ್ಟದಾಚೆಯ ಆಡುಗಳೂ ಬೆಚ್ಚಿದವು.

"ಕಾನೂನಿನ ಪ್ರಕಾರ ಯಾರಿಗೂ ಏನೂ ಕೇಳಿಸಿರುವುದಿಲ್ಲ," ಎಂದು ಸಭೆಯ ಸಾರುವವನು ಸಾರಿದ. "ಪೋಷಕರು ಮಾತಾಡಬಹುದು."

ನಿಕೋಡ್ರೋಮ ಎದ್ದು ಗಂಟಲು ಸರಿಮಾಡಿಕೊಂಡ. ಸಭಾಪತಿ ಲೈಸನಿಯ ಕೈ ಎತ್ತಿದ. "ಒಂದ್ನಿಮಿಷ, ನಿಕೋಡ್ರೋಮನವರೇ. ಹೊಸ ಬೆಂಚಲ್ಲಿ ಮೊದಲನೇ ಜಾಗ ಪೋಷಕರಿಗೆ ಅಂತ ನಿಯಮ ಇದೆ. ಸಾಯೋವರೆಗೂ."

"ಯಾವಾಗಿಂದ ಸ್ವಾಮಿ?"

"ಈಗಿಂದ."

ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವ ಊರಿನಲ್ಲಿ ಅವನನ್ನು 'ಅವರೇ' ಎಂದು ಕರೆದದ್ದು ಅದೇ ಮೊದಲು. ಎದೆ ಉಬ್ಬಿತು, ಅದಕ್ಕೇ ನಾಚಿಕೆಯೂ ಆಯಿತು. ಪ್ರಿನೋ ಕಿರುಚುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು.

"ದೇವಿಯವರದ್ದು ಏನೂ ಅಭ್ಯಂತರ ಇಲ್ಲ," ಎಂದ ನಿಕೋಡ್ರೋಮ.

ನಿರ್ಣಯವನ್ನು ಕಲ್ಲಿನ ಮೇಲೆ ಕೆತ್ತಿಸಲಾಯಿತು: ಸ್ವಂತ ಇಚ್ಛೆಯಿಂದ ಮರ ಒಪ್ಪಿಸಿದ ಪ್ರಿನೋದೇವಿಗೆ ಆಲಿವ್ ಎಲೆಯ ಕಿರೀಟ ತೊಡಿಸತಕ್ಕದ್ದು, ಜೀವಮಾನಪೂರ್ತಿ ತೆರಿಗೆ ವಿನಾಯಿತಿ ನೀಡತಕ್ಕದ್ದು. ವಿನಾಯಿತಿಯು ಮಾರನೆಯ ಮಧ್ಯಾಹ್ನದವರೆಗೆ ಜಾರಿಯಲ್ಲಿತ್ತು.

ಬೆಂಚು ಬಂತು. ನಿಕೋಡ್ರೋಮ ಮೊದಲ ಜಾಗದಲ್ಲಿ ಕೂತ ಕೂಡಲೇ ಹಲಗೆಯೊಳಗಿಂದ ಹೆಣ್ಣುದನಿಯೊಂದು, "ಮೇಲೇಳೋ," ಎಂದಿತು.

"ಪೋಷಕರೇ," ಎಂದ ಲೈಸನಿಯ, "ಬೆಂಚು ಏನೋ ಅಂದ ಹಾಗಿತ್ತು?"

ನಿಕೋಡ್ರೋಮ ಏಳಲು ಹೋದ, ಮತ್ತೆ ಅಲ್ಲೇ ಕೂತ.

"ಆರಾಮಾಗಿ ಕೂತ್ಕೊಳ್ಳಿ ಅಂತಿದ್ದಾರೆ," ಎಂದ.

ಹಿರಿಯರೆಲ್ಲ ಕೂತರು. ಇನ್ನೂ ಜಾಗವಿತ್ತು, ನಾವೂ ಕೂತೆವು.